ಅಕ್ಕ ಬಾವಿಗೆ ಬಿಟ್ಟ ಹೆಪ್ಪು

ಬಟ್ಟೆ ಅಂಗಡಿ ಇಟ್ಟವನಿಗೆ ಗಿರಾಕಿಯ ಮನೆಯ ಸಮಾಚಾರ ಅವನು ಕೇಳುವ ಅರಿವೆಯಲ್ಲೇ ತಿಳಿದುಹೋಗುತ್ತದೆ ಎಂಬುದು ನನ್ನ ಬಹಳ ಹಳೆಯ ಜಂಬ. ಚಿಕ್ಕೋಡಿ ಪೇಟೆಯಲ್ಲಿ ಅಪ್ಪ ಹಾಸಿಟ್ಟುಹೋದ ಗಾದಿಯ ಮೇಲೆ ಕೂತು ಕೂತು ಬೆಳೆಸಿಕೊಂಡ ಜಂಬ. ಹಸಿರು ಸೀರೆಯನ್ನೇ ಹುಡುಕಿಕೊಂಡು ಬಂದರೆ ಬಸುರಿ ಮಗಳಿಗೆ ಕುಬಸ. ಚೌಕಾಶಿ ಮಾಡದೆ ಬಿಳಿ ಅರಿವೆ ಹರಿಸಿಕೊಂಡು ಹೋದರೆ ಏನನ್ನೂ ಕೇಳಬಾರದು. ಇನ್ನು ಒತ್ತಾಗಿ ನೇಯ್ದ ಕೋರಾ ಅರಿವೆಯನ್ನು ಎರಡು ಮಡಿಕೆ ಮಾಡಿ, ಬಾಗಿಲಿನ ಬೆಳಕಿಗೆ ಹಿಡಿದು, ಬಿಸಿಲು ತೂರಿ ಬರುತ್ತದೋ ಇಲ್ಲವೋ ಎಂದು ನೋಡುವವರು ಬಂದರೆಂದರೆ ಅವರು ನಮ್ಮ ಪೈಕಿ, ಜೈನರು. ಅದರಲ್ಲೂ ವ್ರತ ಹಿಡಿದವರು.

ಆ ಅರಿವೆಯ ಕೆಲಸ ನೀರು ಸೋಸುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನ ಫಜೀತಿ ನಿಮಗೆ ತಿಳಿಯುವುದಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವು ನಮ್ಮ ಹೊಟ್ಟೆ ಸೇರಿ ಸಾಯಬಾರದು ಎಂದು ನಾವು ಸೋಸಿ ಕುಡಿಯುತ್ತೇವೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅರಿವೆಯಲ್ಲಿ ಉಳಿದ ಜೀವಗಳ ಗತಿ? ಅರಿವೆಯನ್ನು ಹಿಂಡಬಾರದು, ಜಾಡಿಸಬಾರದು. ತಿರುವಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲಗೆ ಹನಿಸಿ, ಅವುಗಳನ್ನು ಒಂದು ಪಾತ್ರೆಗೆ ಇಳಿಸಿಕೊಳ್ಳಬೇಕು. ಅದಕ್ಕೆ ಜಿವಾಣಿ ಅನ್ನುತ್ತಾರೆ. ಆ ಜಿವಾಣಿಯನ್ನು, ನೀರು ಯಾವ ಬಾವಿಯಿಂದ ಬಂದಿತೋ ಅದೇ ಬಾವಿಗೆ ಮರಳಿ ಬಿಡಬೇಕು. ಮೇಲಿನಿಂದ ಸುರಿದರೆ ಪೆಟ್ಟಾಗುತ್ತದಲ್ಲ, ಅದಕ್ಕೆಂದೇ ತಳದಲ್ಲೂ ಒಂದು ಬಳೆ ಇರುವ ಹಿತ್ತಾಳೆಯ ಸಣ್ಣ ಕೊಡ. ಕಂಠಕ್ಕೂ ತಳದ ಬಳೆಗೂ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿ, ನೀರು ಮುಟ್ಟಿದ ಮೇಲೆ ತಳದ ಹಗ್ಗ ಎಳೆದರೆ ಕೊಡ ಮಗುಚಿಕೊಂಡು, ಜೀವಗಳು ತಮ್ಮ ಮನೆ ಸೇರುತ್ತವೆ.

ಚಿಕ್ಕವನಿದ್ದಾಗ ನಾನು ಅಪ್ಪನ ಕನ್ನಡಕ ಏರಿಸಿಕೊಂಡು ಆ ಒದ್ದೆ ಅರಿವೆಯನ್ನು ನೋಡಿದ್ದೆ. ಏನೂ ಕಾಣಲಿಲ್ಲ. ಕನ್ನಡಕ ಮುಟ್ಟಿದ್ದಕ್ಕೆ ಬೆನ್ನ ಮೇಲೆ ಬಿದ್ದದ್ದಷ್ಟೇ ಲಾಭ. ಆದರೆ ನನ್ನ ಅಕ್ಕ ಸೋನಾಬಾಯಿಗೆ, ನಮಗೆಲ್ಲ ಸೋನಕ್ಕನಿಗೆ, ಕನ್ನಡಕದ ಅಗತ್ಯವೇ ಇರಲಿಲ್ಲ. ಅವಳಿಗೆ ಅವು ಕಂಡೇ ಇದ್ದವು.

ಏಕಸಂಬಿಯ ನಮ್ಮ ಹಳೆಯ ಮನೆಗೆ ಎರಡು ಬಾವಿ. ಹಿತ್ತಲಿನದು ಸೀ ನೀರಿನದು. ಮುಂದಿನದು ಉಪ್ಪು, ಅರಿವೆ ಒಗೆಯಲಿಕ್ಕೆ ಮಾತ್ರ. ಹೊಸದಾಗಿ ಮನೆ ತುಂಬಿದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಒಂದು ದಿನ ಹತ್ತಿರವಿದೆಯಲ್ಲ ಎಂದು ಸೀ ನೀರಿನ ಜಿವಾಣಿಯನ್ನು ಉಪ್ಪು ಬಾವಿಗೆ ಬಿಟ್ಟುಬಿಟ್ಟರು. ಅದನ್ನು ಕಂಡವಳು ಆಗಿನ್ನೂ ಲಂಗ-ಪರಕರ ಉಡುವ ಹುಡುಗಿ ಸೋನಕ್ಕ. ಯಾರಿಗೂ ದೂರಲಿಲ್ಲ. ಮಧ್ಯಾಹ್ನವಿಡೀ ಉಪ್ಪು ಬಾವಿಯಿಂದ ನೀರು ಸೇದಿದಳು, ಕೊಡ ಕೊಡವಾಗಿ ಹೊತ್ತೊಯ್ದು ಸೀ ಬಾವಿಗೆ ಇಳಿಸಿದಳು. ಅವ್ವ ನೋಡಿ ಇದೇನು ಹುಚ್ಚು ಎಂದು ಕೇಳಿದಾಗ, ಕೆಂಪಾದ ಅಂಗೈಯನ್ನು ಪರಕರಕ್ಕೆ ಒರೆಸಿಕೊಳ್ಳುತ್ತ, "ಅವಕ್ಕ ಉಪ್ಪ ನೀರ ಒಗ್ಗೂದಿಲ್ಲವ್ವಾ" ಅಂದಳು.

ಆ ವಾರವಿಡೀ ನಮ್ಮ ಮನೆಯ ಬೇಳೆಗೆ ಉಪ್ಪು ಕಡಿಮೆಯೇ ಬೇಕಾಯಿತು. ಈ ಕತೆಯನ್ನು ಆಮೇಲೆ ವೈನಿಯೇ ಎಲ್ಲರಿಗಿಂತ ಜೋರಾಗಿ ನಗುತ್ತ ಹೇಳುತ್ತಿದ್ದರು. ಅಕ್ಕ ಮಾತ್ರ ನಗುತ್ತಿರಲಿಲ್ಲ. ಅಕ್ಕನನ್ನು ಏಕಸಂಬಿಯಲ್ಲೇ ಕೊಟ್ಟರು. ಈಗ ಮಗನ ಜೊತೆ ಕಬ್ಬು ಬೆಳೆಯುತ್ತಾಳೆ. ಎಪ್ಪತ್ತು ದಾಟಿದರೂ ಎಲ್ಲಿಗೆ ಹೊರಟರೂ ಅವಳ ಕೈಚೀಲದಲ್ಲಿ ಆ ಅರಿವೆ, ಆ ಕೊಡ, ಒಂದು ಸುರುಳಿ ಹಗ್ಗ ಇರಲೇಬೇಕು.

ಈಗ ಅಮೋಲನ ವಿಷಯಕ್ಕೆ ಬರುತ್ತೇನೆ.

ಮೂವತ್ತು ದಾಟಿದ, ಗಡ್ಡ ಬಿಟ್ಟ, ತಲೆ ಬಗ್ಗಿಸಿ ಮಾತಾಡುವ ಒಬ್ಬ ತರುಣ ಒಂದು ದಿನ ಅಂಗಡಿಗೆ ಬಂದು ಒತ್ತು ನೇಯ್ಗೆಯ ಕೋರಾ ಅರಿವೆ ಕೇಳಿದ. ಬಣ್ಣ ಇರಬಾರದು, ಗಂಜಿ ಇರಬಾರದು ಅಂದ. ಮಡಿಕೆ ಮಾಡಿ ಬೆಳಕಿಗೆ ಹಿಡಿದ. ನನ್ನ ಜಂಬ ಕಿವಿ ನಿಮಿರಿಸಿತು. ಮನೆಯಲ್ಲಿ ನೀರು ಸೋಸಲಿಕ್ಕೇನು ಎಂದು ಕೇಳಿದೆ. ದಿನಾ ಸೋಸುವುದೇ ಕೆಲಸ, ಬಹಳ ಶುದ್ಧ ಇರಬೇಕಾಗುತ್ತದೆ ಎಂದು ಹೇಳಿ ಇಡೀ ಥಾನನ್ನೇ ಒಯ್ದ. ಇಡೀ ಥಾನು! ಮನೆಯವರೆಲ್ಲ ದೀಕ್ಷೆಗೆ ತಯಾರಾದರೂ ಅಷ್ಟು ಬೇಕಾಗುವುದಿಲ್ಲ. ಆ ದಿನವೇ ಅಕ್ಕನಿಗೆ ಫೋನು ಹಚ್ಚಿ, ಈಗಿನ ಕಾಲದಲ್ಲೂ ಎಂಥ ಹುಡುಗರಿದ್ದಾರೆ ನೋಡು ಎಂದು ಹೊಗಳಿದೆ. ಅಕ್ಕನಿಗೆ ಬಹಳ ಹಿತವಾಯಿತು. ಒಮ್ಮೆ ಅವನನ್ನು ನೋಡಬೇಕಲ್ಲ ಅಂದಳು.

ಎರಡನೆಯ ಸಲ ಅವನು ಫೋನಿನಲ್ಲೇ ಅರಿವೆ ಕೇಳಿದಾಗ, ಇಂಥ ಪುಣ್ಯವಂತನ ಮನೆಗೆ ನಾನೇ ಮುಟ್ಟಿಸುತ್ತೇನೆ ಎಂದು ನಿಪ್ಪಾಣಿಗೆ ಹೋದೆ. ವಿಳಾಸ ಹಿಡಿದು ಹೋದರೆ ಅದು ಊರಾಚೆಯ ಹಳೆಯ ತಂಬಾಕಿನ ವಖಾರಿ, ಅಂದರೆ ಗೋದಾಮು. ಅವನ ಅಜ್ಜನದಂತೆ. ತಂಬಾಕು ಹೋಗಿ ಬಹಳ ಕಾಲವಾದರೂ ಗೋಡೆಗಳು ಇನ್ನೂ ಅದರ ಘಾಟು ಬಿಟ್ಟಿರಲಿಲ್ಲ. ಒಳಗೆ ಆಳೆತ್ತರದ ಉಕ್ಕಿನ ಪೀಪಾಯಿಗಳು ನಿಂತಿದ್ದವು. ದೊಡ್ಡ ಹಂಡೆಯೊಂದು ಕುದಿಯುತ್ತಿತ್ತು, ಅದರೊಳಗೆ ನನ್ನ ಅರಿವೆಯಲ್ಲಿ ಕಟ್ಟಿದ ಗಂಟೊಂದು ತೂಗುತ್ತಿತ್ತು. ಗಂಟಿನಲ್ಲಿ ಕುಟ್ಟಿದ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಕಷಾಯವೇನಪ್ಪಾ ಎಂದು ಕೇಳಿದೆ.

"ಬಿಯರ್ ಕಾಕಾ," ಅಂದ. "ಬೆಲ್ಜಿಯಂ ಮಾದರಿ ಏಲ್."

ನಾನು ಅಲ್ಲೇ ಇದ್ದ ಜವೆಗೋದಿಯ ಚೀಲದ ಮೇಲೆ ಕೂತೆ. ನೀವಾದರೂ ಕೂಡುತ್ತಿದ್ದಿರಿ.

ಅಮೋಲ ಬೇಜಾರು ಮಾಡಿಕೊಳ್ಳಲಿಲ್ಲ. ನೀರು ತಂದುಕೊಟ್ಟು, ಎಲ್ಲವನ್ನೂ ತೋರಿಸಿದ. ಬೆಲ್ಜಿಯಂನಲ್ಲಿ ಕೆಲವು ವರ್ಷ ಇದನ್ನೇ ಕಲಿತನಂತೆ. ಅಲ್ಲಿ ಮಠದ ಸನ್ಯಾಸಿಗಳೇ ಇದನ್ನು ತಯಾರಿಸುತ್ತಾರೆ ಅಂದ. ನಮ್ಮ ಮುನಿಗಳನ್ನು ನೆನೆದು ನಾನು ಗಲ್ಲ ಗಲ್ಲ ಬಡಿದುಕೊಂಡೆ. ಒಂದು ಬಗೆಯದು ತೆಳುವಾಗಿ ಮಜ್ಜಿಗೆ ನೀರಿನ ಬಣ್ಣ. ಇನ್ನೊಂದು ಕಪ್ಪು, ಅದಕ್ಕೆ ನಮ್ಮ ಕಡೆಯ ಬೆಲ್ಲ ಬೀಳುತ್ತದೆ. ಗ್ಲಾಸು ಮುಂದೆ ಹಿಡಿದ. ನಾನು ಬಾಯಿ ಮುಚ್ಚಿಕೊಂಡು ಮೂಗನ್ನಷ್ಟೇ ಕಳಿಸಿದೆ. ಬಾಳೆಹಣ್ಣು, ಲವಂಗ, ಅದರ ಹಿಂದಿನಿಂದ ರಾತ್ರಿಯಿಡೀ ಉರಿದು ಬೆಳಗ್ಗೆ ತಣ್ಣಗಾದ ಬೆಲ್ಲದ ಗಾಣದ ವಾಸನೆ. ಚಿಕ್ಕಂದಿನಲ್ಲಿ ಗಾಣದ ಹತ್ತಿರ ಮಲಗಿ ಎದ್ದ ಮುಂಜಾವುಗಳೆಲ್ಲ ಒಂದೇ ಉಸಿರಿಗೆ ಒಳಗೆ ಬಂದವು. ಮೂಗಿಗೆ ವ್ರತ ಹೇಳಿಲ್ಲವೆಂದು ಇನ್ನೊಂದು ಸಲ ಎಳೆದುಕೊಂಡೆ.

ಕೊನೆಗೆ ಅವನು ತಂಪು ಪೆಟ್ಟಿಗೆಯಿಂದ ಒಂದು ಗಾಜಿನ ಬರಣಿ ತೆಗೆದ. ತಳದಲ್ಲಿ ಕೆನೆ ಬಣ್ಣದ ಗಸಿ, ಮೇಲೆ ಕದಡಿದ ನೀರು. ಅದು ಯೀಸ್ಟು. ಅಲ್ಲಿಂದ ಬರುವಾಗ ಗುರುಗಳು ಕೊಟ್ಟದ್ದಂತೆ. ಒಂದು ಸಲದ್ದು ಮುಗಿದ ಮೇಲೆ ತಳದ್ದನ್ನು ತೆಗೆದಿಟ್ಟು ಮುಂದಿನದಕ್ಕೆ ಹಾಕುವುದು, ಹೀಗೆ ಕಾಪಾಡಿಕೊಂಡು ಬಂದಿದ್ದ. ಹೆಪ್ಪು ಇದ್ದ ಹಾಗೆ, ಇದು ಹೋದರೆ ನನ್ನ ರುಚಿಯೇ ಹೋಯಿತು ಎಂದು ಬರಣಿಯನ್ನು ಕೂಸಿನಂತೆ ಒಳಗಿಟ್ಟ.

ದೀಪಾವಳಿಗೆ ಅವನೇ ಅಂಗಡಿಗೆ ಬಂದು ಕಾಲಿಗೆ ನಮಸ್ಕರಿಸಿ ಒಂದು ಬಾಟಲಿ ಕೊಟ್ಟು ಹೋದ. ಬೆಲ್ಲದ ಏಲ್. ಹಬ್ಬಕ್ಕೆಂದೇ ಕೆಲವು ಬಾಟಲಿ ತುಂಬಿದ್ದನಂತೆ. ಕುಡಿಯದಿದ್ದರೂ ಚಿಂತೆಯಿಲ್ಲ ಕಾಕಾ, ಪ್ರೀತಿಗೆ ಇಟ್ಟುಕೊಳ್ಳಿ, ತಳದಲ್ಲಿರುವುದು ಹೆಪ್ಪು, ಜೀವಂತ ಇದೆ ಅಂದ. ಆ ಕೊನೆಯ ಮಾತು ಅವನು ಹೇಳಬಾರದಿತ್ತು. ಬಾಟಲಿ ಕುಡಿಯುವುದು ದೂರ ಉಳಿಯಿತು, ಈಗ ಚೆಲ್ಲಲಿಕ್ಕೂ ಬಾರದು. ಮೋರಿಗೆ ಸುರಿದರೆ ಜೀವಗಳು ಸಾಯುತ್ತವೆ. ಬಾವಿಗೆ ಬಿಡೋಣವೆಂದರೆ ಯಾವ ಬಾವಿ? ಬೆಲ್ಜಿಯಂನದೇ? ಕೊನೆಗೆ ಬಿಳಿ ಧೋತರಗಳ ಸಾಲಿನ ಹಿಂದೆ ಇಟ್ಟೆ. ಗಿರಾಕಿ ಧೋತರ ಕೇಳಿದಾಗಲೆಲ್ಲ ನಾನೇ ಅಡ್ಡ ನಿಂತು ತೆಗೆದುಕೊಡುತ್ತಿದ್ದೆ.

ಇತ್ತ ಅಕ್ಕ ಬಿಡಲಿಲ್ಲ. ಆ ಪುಣ್ಯವಂತನನ್ನು ಯಾವಾಗ ತೋರಿಸುತ್ತೀ ಎಂದು ಪ್ರತಿ ಫೋನಿನಲ್ಲೂ ಕೇಳುವಳು. ಅವನು ಏನು ಉದ್ಯೋಗ ಮಾಡುತ್ತಾನೆಂದು ಕೇಳಿದಾಗ, ಜವೆಗೋದಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಬೆಲ್ಲ ಹಾಕಿ ಕುದಿಸುತ್ತಾನೆ ಅಂದೆ. ಒಂದೂ ಸುಳ್ಳಲ್ಲ. ಅಕ್ಕ ತಾನೇ ಔಷಧಿಯ ಕಷಾಯ ಎಂದು ತಿಳಿದುಕೊಂಡಳು, ನಾನು ತಿದ್ದಲಿಲ್ಲ. ಕೊನೆಗೊಂದು ಬೆಳಗ್ಗೆ ತನ್ನ ಗದ್ದೆಯ ಬೆಲ್ಲದ ಪೆಂಟೆಯನ್ನೂ ಕೈಚೀಲವನ್ನೂ ಹಿಡಿದು ಚಿಕ್ಕೋಡಿಯಲ್ಲಿ ಬಸ್ಸಿನಿಂದ ಇಳಿದೇಬಿಟ್ಟಳು. ಕಾರು ತೆಗೆಯದೆ ಗತಿ ಇರಲಿಲ್ಲ.

ಅಮೋಲನಿಗೆ ಸುಳ್ಳು ಹೇಳಲು ಬಾರದು. ಅಕ್ಕನ ಕಾಲು ಮುಟ್ಟಿ ನಮಸ್ಕರಿಸಿದ, ಏನು ಮಾಡುತ್ತೀ ಮಗಾ ಎಂದು ಕೇಳಿದ್ದಕ್ಕೆ ಬಿಯರ್ ಎಂದು ಹೇಳಿಯೇಬಿಟ್ಟ. ಅಕ್ಕ ನನ್ನ ಕಡೆ ತಿರುಗಿದಳು.

"ಕಷಾಯ ಚಲೋ ಐತಿ ತಮ್ಮಾ," ಅಂದಳು, ಅಷ್ಟೇ.

ಆದರೆ ಬಂದ ಮನೆಯಿಂದ ಮುಖ ತಿರುಗಿಸಿ ಹೋಗುವ ಪೈಕಿ ಅಲ್ಲ ನಮ್ಮಕ್ಕ. ಅಂಗಳದ ಬಾವಿಯಿಂದ ನೀರು ಸೇದಿ, ತನ್ನ ಅರಿವೆಯಲ್ಲಿ ಸೋಸಿ ಕುಡಿದಳು. ನೀರು ಸೀ ಇದೆ ಎಂದು ಮೆಚ್ಚಿದಳು. ಆಮೇಲೆ, ಒಳ್ಳೆಯ ಬೆಲ್ಲ ದಾರು ಆಗುವುದು ಹೇಗೆಂದು ಅವಳೇ ಕೇಳಿದಳು. ಅಮೋಲ ಉತ್ಸಾಹದಿಂದ ಮೇಜಿನ ಮೇಲಿದ್ದ ಬರಣಿ ತೋರಿಸಿದ. ಆ ಮಧ್ಯಾಹ್ನ ಹೊಸ ಕುದಿ ಹಾಕುವುದಿತ್ತು, ಅದಕ್ಕೆಂದೇ ಅದನ್ನು ತಂಪಿನಿಂದ ಹೊರಗೆ ತೆಗೆದಿಟ್ಟಿದ್ದ. ವರ್ಷಕ್ಕೊಮ್ಮೆ ತೊಳೆಯುವ ಕೆಲಸ ಹಿಂದಿನ ದಿನವಷ್ಟೇ ಮುಗಿದು ಪೀಪಾಯಿಗಳೆಲ್ಲ ಖಾಲಿ ನಿಂತಿದ್ದವು.

"ಇದರಾಗ ಕೋಟಿಗಟ್ಟಲೆ ಜೀವ ಅದಾವ್ರಿ ಆಯಿ," ಅಂದ. "ಅವ ಬೆಲ್ಲ ತಿಂತಾವು."

ಅಕ್ಕ ಬರಣಿಯ ಹತ್ತಿರ ಬಗ್ಗಿದಳು. ಕೋಟಿಗಟ್ಟಲೆ ಜೀವ, ಅದೂ ಮುಚ್ಚಳ ಬಿಗಿದ ಗಾಜಿನೊಳಗೆ. ನೀರು ಎಲ್ಲಿಯದು ಎಂದು ಕೇಳಿದಳು. ಅವನು ಅಂಗಳದ ಬಾವಿಯ ಕಡೆ ಕೈ ತೋರಿಸಿದ. ಅವನು ಹೇಳಿದ್ದು ಕುದಿಸುವ ನೀರಿನ ಮಾತು. ಅಷ್ಟರಲ್ಲಿ ಹೊರಗೆ ಜವೆಗೋದಿಯ ಟೆಂಪೋ ಬಂತು. ಅವನು ಅತ್ತ ಓಡಿದ. ಚೀಲ ಎಣಿಸುವುದು ನೋಡೋಣವೆಂದು ನಾನೂ ಹಿಂದೆ ಹೋದೆ. ಅಕ್ಕನ ಕಣ್ಣಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳುವ ಆಸೆಯೂ ಇತ್ತೆನ್ನಿ.

ನಾವು ಮರಳಿ ಬಂದಾಗ ಬರಣಿ ಮೇಜಿನ ಮೇಲೆ ಬೋರಲಾಗಿ ಒಣಗುತ್ತಿತ್ತು. ಬಹಳ ಚೊಕ್ಕಟವಾಗಿ ತೊಳೆದಿತ್ತು. ಅಕ್ಕ ಬಾವಿಯ ಕಟ್ಟೆಯ ಹತ್ತಿರ ಹಗ್ಗ ಸುತ್ತುತ್ತಿದ್ದಳು. ಅವಳ ಮುಖದ ಮೇಲೆ, ಹಸಿದವರಿಗೆ ಉಣ್ಣಿಸಿ ಕೈ ತೊಳೆದವರಿಗೆ ಇರುತ್ತದಲ್ಲ, ಅಂಥ ಸಮಾಧಾನ ಇತ್ತು.

"ಮೆಲ್ಲಗ ಬಿಟ್ಟೇನಪಾ," ಅಂದಳು. "ಒಂದಕ್ಕೂ ಪೆಟ್ಟಾಗಿಲ್ಲ."

ಅಮೋಲ ಕೂಗಲಿಲ್ಲ, ಸಿಟ್ಟಾಗಲಿಲ್ಲ. ಹಿಂದೆ ನಾನು ಕೂತಿದ್ದ ಹಾಗೆಯೇ ಜವೆಗೋದಿಯ ಚೀಲದ ಮೇಲೆ ಕೂತ. ಬೋರಲಾದ ಬರಣಿಯನ್ನು ಎತ್ತಿ ಒಳಗೆ ಇಣುಕಿದ. ಆಮೇಲೆ ಮೆತ್ತಗೆ, "ಅದ ಹೆಪ್ಪರಿ ಆಯಿ. ಅದೊಂದ ಉಳದಿತ್ತು," ಅಂದ.

ನಾನು ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು: ಅದು ಬಾವಿಯದಲ್ಲ, ಬೇರೆ ದೇಶದ್ದು, ಜೋಪಾನ ಮಾಡಿದ್ದು, ಅದಿಲ್ಲದೆ ಅವನ ಕೆಲಸ ನಡೆಯದು. ಅಕ್ಕ ಅವನ ಕೆಲಸದ ಮಾತನ್ನು ಕಿವಿಗೆ ಹಾಕಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಅವಳನ್ನು ಹಿಡಿದು ಅಲ್ಲಾಡಿಸಿದ್ದು ಬೇರೆಯ ಮಾತು.

"ಬಾವ್ಯಾಗ ಬದುಕತಾವೇನು? ಖರೇ ಹೇಳು."

ಅಮೋಲ ತಲೆ ಬಗ್ಗಿಸಿದ. "ತಂಪ ಇರತೈತ್ರಿ. ತಿನ್ನಾಕ ಸೀ ಇಲ್ಲ. ಭಾಳ ದಿವಸ ಇರಾಂಗಿಲ್ರಿ."

ಅಕ್ಕ ಸುತ್ತಿದ ಹಗ್ಗವನ್ನು ಮತ್ತೆ ಬಿಚ್ಚಿ, ಕೊಡ ಕಟ್ಟಿ, ಬಾವಿಗೆ ಇಳಿಸಿ ಸೇದತೊಡಗಿದಳು. ಒಂದು ಕೊಡ, ಇನ್ನೊಂದು. ಸೇದಿದ್ದನ್ನೆಲ್ಲ ಅರಿವೆಯಲ್ಲಿ ಸೋಸಿ ನೋಡುವಳು. ಪರಕರದ ಹುಡುಗಿಯನ್ನು ಅಷ್ಟು ವರ್ಷಗಳ ಮೇಲೆ ನಾನು ಮತ್ತೆ ಕಂಡೆ. ಅಮೋಲ ಎದ್ದು ಹೋಗಿ ಹಗ್ಗ ಹಿಡಿದುಕೊಂಡ, ಬಾವಿ ಬಹಳ ಆಳ, ಅವು ಹೀಗೆ ಸಿಗುವುದಿಲ್ಲ ಎಂದು ಹೇಳಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿದ.

"ವೈನಿ ಮಾಡಿದ್ದ ನಾನೂ ಮಾಡಿದೆ," ಅಂದಳು ಅಕ್ಕ ನನಗೆ. "ಬ್ಯಾರೆ ಬಾವ್ಯಾಗ ಬಿಟ್ಟೆ."

ಅಮೋಲ ಯೋಚಿಸುತ್ತ ತಿರುಗಾಡಿದ. ದೀಪಾವಳಿಯ ಬಾಟಲಿ ಒಂದಾದರೂ ಉಳಿದಿದ್ದರೆ ಅದರ ತಳದ ಗಸಿಯಿಂದ ಮತ್ತೆ ಎಬ್ಬಿಸಬಹುದಿತ್ತಂತೆ. ಫೋನು ತೆಗೆದು ಒಬ್ಬೊಬ್ಬರಿಗೆ ಹಚ್ಚಿದ. ಕಾಗವಾಡದ ಗೆಳೆಯ ಹಬ್ಬದ ದಿನವೇ ಮುಗಿಸಿದ್ದ. ರಾಯಬಾಗದವನು ಇನ್ನೂ ಇದ್ದರೆ ಕಳಿಸು ಎಂದು ಇವನನ್ನೇ ಕೇಳಿದ. ಕುಡಿಯುವವರ ಮನೆಯಲ್ಲಿ ಬಾಟಲಿ ಉಳಿಯುತ್ತದೆಯೇ? ಒಬ್ಬೊಬ್ಬರೂ ಇಲ್ಲವೆಂದಾಗ ನನ್ನ ಕಿವಿ ಬಿಸಿಯಾಗುತ್ತ ಹೋಯಿತು. ಎದುರಿಗೆ ಅಕ್ಕ ಕೂತಿದ್ದಾಳೆ. ಅವಳ ಮುಂದೆ ನಾನು ಈ ವಯಸ್ಸಿನಲ್ಲೂ ಪರೀಕ್ಷೆಗೆ ಕೂತ ಹುಡುಗ.

"ನನ್ನ ಕಡೆ ಒಂದ ಐತಿ," ಅಂದೆ.

ಅಮೋಲ ಫೋನು ಕೆಳಗಿಟ್ಟ. ಅಕ್ಕ ಎಲ್ಲಿ ಎಂದು ಕೇಳಿದಳು. ಅಂಗಡಿಯಲ್ಲಿ, ಬಿಳಿ ಧೋತರದ ಹಿಂದೆ ಎಂದು ಹೇಳಿದೆ. ಆ ಧೋತರವನ್ನು ಬಸದಿಗೆ ಹೋಗುವವರು ಒಯ್ಯುತ್ತಾರೆ ಎಂಬುದು ಅವಳಿಗೂ ಗೊತ್ತು.

"ಕುಡದಿಲ್ಲಲ್ಲ?"

"ಇಲ್ಲ."

"ಹಂಗಾರ ತಗೊಂಬಾ. ಲಗೂನ ಬಾ."

ಚಿಕ್ಕೋಡಿಗೆ ಹೋಗಿ ಬರುವಷ್ಟರಲ್ಲಿ ಅಮೋಲ ಎಲ್ಲ ತಯಾರಿ ಮಾಡಿದ್ದ. ಅಕ್ಕ ತಂದಿದ್ದ ಬೆಲ್ಲವನ್ನೇ ಸ್ವಲ್ಪ ಜವೆಗೋದಿಯ ರಸದಲ್ಲಿ ಕರಗಿಸಿ, ಕುದಿಸಿ ಆರಿಸಿದ್ದ. ಬರಣಿ ಕುದಿಸಿದ್ದ, ಚಮಚ ಕುದಿಸಿದ್ದ, ಮುಚ್ಚುವ ಅರಿವೆಯನ್ನೂ ಕುದಿಸಿದ್ದ. ಮುನಿಗಳ ಆಹಾರಕ್ಕೆ ನೀರು ಕಾಸುವವರೂ ಇಷ್ಟು ಮಡಿ ಮಾಡುವುದಿಲ್ಲ ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಆ ಮಾತಿನಲ್ಲಿ ಮೆಚ್ಚುಗೆ ಇತ್ತು. ನಾನು ಮೊದಲು ಆಡಿದ ಹೊಗಳಿಕೆ ಪೂರ್ತಿ ಸುಳ್ಳಲ್ಲವೆಂದು ನನಗೂ ಸ್ವಲ್ಪ ಧೈರ್ಯ ಬಂತು.

ಅವನು ಬಾಟಲಿಯ ಬಾಯಿಗೆ ಬೆಂಕಿ ತೋರಿಸಿ, ಮೇಲಿನ ತಿಳಿಯನ್ನೆಲ್ಲ ಒಂದು ಚೊಂಬಿಗೆ ಬಗ್ಗಿಸಿ, ತಳದ ಗಸಿಯನ್ನಷ್ಟೇ ಬರಣಿಗೆ ಇಳಿಸಿದ. ನಾವು ತಿಳಿಯನ್ನು ಇಟ್ಟುಕೊಂಡು ಗಸಿಯನ್ನು ಮರಳಿಸುವವರು, ಅವನು ಗಸಿಯನ್ನು ಇಟ್ಟುಕೊಂಡು ತಿಳಿಯನ್ನು ಬಿಟ್ಟ. ಚೊಂಬಿನ ಏಲನ್ನು ಆ ದಿನ ಯಾರೂ ಕುಡಿಯಲಿಲ್ಲ. ಅದರ ಗಾಣದ ವಾಸನೆ ಮಾತ್ರ ವಖಾರಿ ತುಂಬ ಸುಳಿದಾಡಿತು. ಬಾಟಲಿ ಇಷ್ಟು ತಿಂಗಳು ಅಂಗಡಿಯ ಸೆಕೆಯಲ್ಲಿ ಇದ್ದುದರಿಂದ ಎದ್ದೇ ಏಳುತ್ತವೆ ಎಂದು ಹೇಳಲಾಗದು ಅಂದ ಅಮೋಲ. ಕಾಯಬೇಕು.

ಅಕ್ಕ ಬರಣಿಯ ಮುಂದೆ ಕೈ ಮುಗಿದು, ಅವು ಏಳುವವರೆಗೆ ತನಗೆ ಬೆಲ್ಲ ತ್ಯಾಗ ಅಂದಳು. ಕಬ್ಬು ಬೆಳೆಯುವ ಮನೆಯವಳು, ಊಟದ ಕೊನೆಗೆ ಬೆಲ್ಲದ ಚೂರು ಇಲ್ಲದಿದ್ದರೆ ಉಂಡಂತೆಯೇ ಆಗದವಳು. ಅಮೋಲ ಬೇಡವೆಂದ, ನಾನೂ ಅಂದೆ. ಅವಳು ಕೈಚೀಲ ಎತ್ತಿಕೊಂಡು ಕಾರಿನ ಕಡೆ ನಡೆದಳು.

ಆಮೇಲೆ ದಿನಾ ಬೆಳಗ್ಗೆ ಅವಳ ಫೋನು. ನನ್ನ ಸಕ್ಕರೆ, ಬಿ.ಪಿ. ಯಾವುದನ್ನೂ ಕೇಳುವುದಿಲ್ಲ, ಎದ್ದವೇ ಎಂದು ಕೇಳುವುದು, ಇಲ್ಲವೆಂದರೆ ಇಡುವುದು. ನಾನು ಅಮೋಲನಿಗೆ ಹಚ್ಚಿ ಕೇಳುವುದು. ಬರಣಿ ಸುಮ್ಮನೆ ಕೂತಿತ್ತು. ಅಂಗಡಿಯಲ್ಲಿ ಅರಿವೆ ಅಳೆಯುತ್ತ ಅಳೆಯುತ್ತ ಲೆಕ್ಕ ತಪ್ಪುವಷ್ಟು ನನಗೂ ಅದೇ ಚಿಂತೆ. ಜನ್ಮದಲ್ಲಿ ದಾರು ಮುಟ್ಟದ ಇಬ್ಬರು ಒಡಹುಟ್ಟಿದವರು ಬಿಯರಿನ ಹೆಪ್ಪಿಗಾಗಿ ಊಟ ರುಚಿಸದೆ ಕೂತಿದ್ದೆವು. ಹೇಳಿದರೆ ಯಾರೂ ನಂಬಲಾರರು, ಆದ್ದರಿಂದ ಯಾರಿಗೂ ಹೇಳಲೂ ಇಲ್ಲ.

ಒಂದು ಬೆಳಗ್ಗೆ ಅಮೋಲನೇ ಫೋನು ಮಾಡಿದ. "ಬುರುಗ ಬಂದೈತ್ರಿ ಕಾಕಾ." ಅವನ ದನಿ ಒಡೆದಿತ್ತು.

ಅಕ್ಕನನ್ನು ಏಕಸಂಬಿಯಿಂದ ಕರೆದುಕೊಂಡು ಹೋದೆ. ಬರಣಿಯ ಬಾಯಿಯವರೆಗೆ ಬಿಳಿ ನೊರೆ ಏರಿತ್ತು, ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಕೆಳಗಿನಿಂದ ಮೇಲಕ್ಕೆ ಬಿಡುವಿಲ್ಲದೆ ಓಡುತ್ತಿ‌ದ್ದವು. ಅಕ್ಕ ಗಾಜಿಗೆ ಕಿವಿ ಹಚ್ಚಿದಳು. ಕಣ್ಣು ತುಂಬಿ ಬಂದವು, ಸೆರಗಿನಿಂದ ಒರೆಸಿಕೊಂಡಳು. ನಾನು ಚಿಕ್ಕಂದಿನಲ್ಲಿ ಅಪ್ಪನ ಕನ್ನಡಕ ಹಾಕಿಕೊಂಡು ಹುಡುಕಿದ್ದು ಇವನ್ನೇ ಇರಬೇಕು. ಈಗ ಕನ್ನಡಕವಿಲ್ಲದೆ ಕಂಡೆ.

"ದಾರು ನಿನ್ನ ಬಾಬತ್ತು," ಅಂದಳು ಅಮೋಲನಿಗೆ. "ಅದಕ್ಕ ನಾ ಹೂಂ ಅನ್ನಾಂಗಿಲ್ಲ. ಇವುಗಳ ಹೊಟ್ಟಿಗಿ ಬೆಲ್ಲ ಬೇಕಾದ್ರ ಹೇಳಿ ಕಳಸು."

ಎರಡೂ ಒಂದೇ ಬರಣಿಯಲ್ಲಿವೆ ಎಂದು ಹೇಳುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಅಮೋಲ ಆಗಲಿ ಎಂದು ಕಾಲು ಮುಟ್ಟಿದ. ಇನ್ನು ಬೆಲ್ಲ ತಿನ್ನು ಅಕ್ಕಾ, ವ್ರತ ಮುಗಿಯಿತಲ್ಲ ಎಂದು ನಾನು ಅವಳೇ ಹಿಂದೆ ತಂದಿದ್ದ ಪೆಂಟೆಯಿಂದ ಚೂರು ಮುರಿದು ಅವಳ ಕೈಗೆ ಕೊಟ್ಟೆ.

ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ. ಕೈಚೀಲದಿಂದ ಕೊಡ ತೆಗೆದಳು, ಬಾವಿಯ ನೀರು ಸೇದಿ ಸೋಸಿದಳು, ಆ ಚೂರಿನಲ್ಲಿ ಅರ್ಧ ಮುರಿದು ಅದರಲ್ಲಿ ಕರಗಿಸಿದಳು. ಕಟ್ಟೆಯ ಮೇಲೆ ಬಗ್ಗಿ, ಒಂದೊಂದೇ ಮೊಳ ಹಗ್ಗ ಬಿಡುತ್ತ, ಕೊಡವನ್ನು ಮೆಲ್ಲಗೆ ಕೆಳಗೆ ಇಳಿಸಿದಳು. ನೀರು ಮುಟ್ಟಿದ ಮೇಲೆ ತಳದ ಹಗ್ಗ ಎಳೆದಳು. ನಾವಿಬ್ಬರೂ ಹತ್ತಿರ ನಿಂತಿದ್ದೆವು.

"ಮೊದಲ ಬಿಟ್ಟವೂ ಅದಾವಲ್ಲ ಕೆಳಗ," ಅಂದಳು ಅಕ್ಕ. ಆಮೇಲೆ ಉಳಿದ ಅರ್ಧ ಚೂರನ್ನು ಬಾಯಿಗೆ ಹಾಕಿಕೊಂಡಳು.